ಅಕ್ಷರ ನೋಡಬೇಕಾದ ಮಗು ಮುಖ ನೋಡುತ್ತಿತ್ತು

(ಶಿಕ್ಷಕರು ಮತ್ತು ಪೋಷಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದನೇ ತರಗತಿಯ ಮಕ್ಕಳಿಗೆ ಓದು ಕಲಿಸಲು ಶುರುಮಾಡಿದ ಮೊದಲ ವರ್ಷದ ಮಾತಿದು. ಒಬ್ಬ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಓದಿಸುತ್ತಿದ್ದೆ. ಸಣ್ಣ ಪುಸ್ತಕ, ಪುಟಕ್ಕೆ ಒಂದೇ ಸಾಲು. ಅವಳ ಬೆರಳು ಅಕ್ಷರದ ಕೆಳಗೆ ಸರಿಯಾಗಿಯೇ ಇತ್ತು. ‘ಗಾ’ ಎಂದಳು, ನಿಲ್ಲಿಸಿದಳು, ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ‘ಗಾಳಿ’ ಎಂದಳು. ಮತ್ತೆ ಮುಖ ನೋಡಿದಳು. ಮುಂದಿನ ಪದ ‘ಬೀಸಿತು’. ‘ಬಿ…’ ಎಂದು ನನ್ನ ಹುಬ್ಬಿನ ಕಡೆ ಕಣ್ಣೆತ್ತಿದಳು. ಹುಬ್ಬು ಕೊಂಚ ಮೇಲೇರಿತ್ತೇನೋ, ತಕ್ಷಣ ‘ಬಂತು’ ಅಂದುಬಿಟ್ಟಳು. ಅಕ್ಷರಗಳು ಪುಸ್ತಕದಲ್ಲಿ ತಮ್ಮ ಪಾಡಿಗೆ ತಾವಿದ್ದವು, ಅವಳ ಕಣ್ಣು ಅತ್ತ ಇರಲೇ ಇಲ್ಲ.

ಇವಳಿಗೆ ಗಮನ ಸಾಲದು ಅಂತ ಆಗ ನನಗನಿಸಿತು. ‘ಪುಸ್ತಕ ನೋಡು, ನನ್ನ ಮುಖದಲ್ಲಿ ಏನಿದೆ?’ ಎಂದು ಎರಡು ಮೂರು ಸಲ ಅಂದೆ, ದನಿ ಏರಿಸಿಯೇ ಅಂದೆ. ಈಗಲೂ ಅದನ್ನು ನೆನೆದರೆ ಸಂಕಟವಾಗುತ್ತದೆ. ಆ ಮಗುವಿನ ಗಮನಕ್ಕೆ ಏನೂ ಕೊರತೆಯಿರಲಿಲ್ಲ. ತನಗೆ ಓದು ಬರುತ್ತದೋ ಇಲ್ಲವೋ ಎಂಬುದಕ್ಕೆ ಉತ್ತರ ಪುಸ್ತಕದಲ್ಲಿಲ್ಲ, ದೊಡ್ಡವರ ಮುಖದಲ್ಲಿದೆ ಎಂದು ಅದು ಅಷ್ಟು ಹೊತ್ತಿಗಾಗಲೇ ತೀರ್ಮಾನಿಸಿಕೊಂಡಿತ್ತು. ಮರುವರ್ಷ ಶಾಲೆ ಶುರುವಾದಾಗ ಅದೇ ಹುಡುಗಿ ಪುಸ್ತಕ ತೆರೆಯುವ ಮೊದಲೇ ‘ಮಿಸ್, ನಂಗೆ ಓದಕ್ಕೆ ಬರಲ್ಲ’ ಎಂದಳು. ಅಳಲಿಲ್ಲ. ತನ್ನ ಹೆಸರು ಹೇಳುವಷ್ಟೇ ಸಹಜವಾಗಿ ಹೇಳಿದಳು.

‘ಈ ಪದ ನನಗೆ ಬರಲಿಲ್ಲ’ ಎಂಬುದು ‘ನನಗೆ ಓದೇ ಬರಲ್ಲ’ ಎಂದಾಗುವುದು ಹೇಗೆ? ನಾನು ಇಲ್ಲಿ ಮಾತಾಡಬೇಕೆಂದಿರುವುದು ಆ ದಾರಿಯ ಬಗ್ಗೆ.

ಶಾಲೆಗೆ ಆಗಷ್ಟೇ ಸೇರಿದ ಐದು ವರ್ಷದ ಮಕ್ಕಳ ನಡುವೆ ನಿಂತು ‘ಯಾರು ಚೆನ್ನಾಗಿ ಓದ್ತೀರಿ?’ ಎಂದು ಕೇಳಿ. ಒಂದಕ್ಷರವೂ ಬಾರದ ಮಗು ಕೂಡ ಕೈ ಎತ್ತುತ್ತದೆ, ಕೆಲವು ಎರಡೂ ಕೈ ಎತ್ತುತ್ತವೆ. ಜಾನ್ ನಿಕೋಲ್ಸ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಇದನ್ನು ಕ್ರಮವಾಗಿ ಪರೀಕ್ಷಿಸಿದರು. ಮುಖಗಳ ಚಿತ್ರಗಳನ್ನು ಸಾಲಾಗಿಟ್ಟು, ‘ಈ ತುದಿಯಲ್ಲಿರುವುದು ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುವ ಮಗು, ಆ ತುದಿಯಲ್ಲಿರುವುದು ಓದಿನಲ್ಲಿ ಎಲ್ಲರಿಗಿಂತ ಹಿಂದಿರುವ ಮಗು, ಇದರಲ್ಲಿ ನೀನು ಯಾವುದು?’ ಎಂದು ಕೇಳಿದರು. ಚಿಕ್ಕ ಮಕ್ಕಳು ತಮ್ಮನ್ನು ಮೇಲಿನ ತುದಿಯ ಹತ್ತಿರವೇ ಇಟ್ಟುಕೊಂಡರು. ಅವರು ತೋರಿಸಿದ ಜಾಗಕ್ಕೂ ಅವರ ನಿಜವಾದ ಓದಿಗೂ ಸಂಬಂಧವೇ ಇರಲಿಲ್ಲ ಎನ್ನಬಹುದು. ವಯಸ್ಸು ಏರಿದಂತೆ ಆ ಬೆರಳು ಕೆಳಗಿಳಿಯುತ್ತದೆ, ಟೀಚರ್ ಕೊಡುವ ಲೆಕ್ಕಕ್ಕೆ ಹತ್ತಿರವಾಗುತ್ತಾ ಹೋಗುತ್ತದೆ.

ಮಕ್ಕಳು ಕೊಚ್ಚಿಕೊಳ್ಳುತ್ತಾರೆ ಎಂದು ನಕ್ಕು ಬಿಡುವ ವಿಷಯವಲ್ಲ ಇದು. ಆ ವಯಸ್ಸಿನ ಮಗು ತನ್ನನ್ನು ಪಕ್ಕದವನ ಜೊತೆ ಅಳೆದುಕೊಳ್ಳುವುದಿಲ್ಲ, ನಿನ್ನೆಯ ತನ್ನ ಜೊತೆ ಅಳೆದುಕೊಳ್ಳುತ್ತದೆ. ನಿನ್ನೆ ಬಾರದ ಬೂಟಿನ ದಾರ ಇವತ್ತು ಬಂತು, ಅಂದಮೇಲೆ ನಾಳೆ ಎಲ್ಲವೂ ಬರುತ್ತದೆ. ‘ಪ್ರಯತ್ನ ಪಡುವುದು’ ಮತ್ತು ‘ಜಾಣನಾಗಿರುವುದು’ ಬೇರೆ ಬೇರೆ ಎಂಬ ಅರಿವೂ ಅದಕ್ಕಿನ್ನೂ ಇರುವುದಿಲ್ಲ. ಯಾರು ಹೆಚ್ಚು ಪ್ರಯತ್ನ ಪಡುತ್ತಾರೋ ಅವರೇ ಜಾಣರು, ಅಷ್ಟೇ. ಇವೆರಡನ್ನೂ ನಮ್ಮ ಹಾಗೆ ಪೂರ್ತಿ ಬೇರ್ಪಡಿಸುವುದು 11-12 ವರ್ಷದ ಹೊತ್ತಿಗೆ ಎಂದು ನಿಕೋಲ್ಸ್ ತೋರಿಸಿದರು. ಕಲಿಯಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಯಾವುದಿದೆ? ದಿನಕ್ಕೆ ನೂರು ಸಲ ತಪ್ಪಿದರೂ ಮರುದಿನ ಮತ್ತೆ ಕೈ ಎತ್ತುವ ಧೈರ್ಯ ಅದು.

ಪಕ್ಕದವರನ್ನು ನೋಡಿ ತನ್ನನ್ನು ತೂಗುವ ಅಭ್ಯಾಸ ಗಟ್ಟಿಯಾಗುವುದು ಏಳೆಂಟು ವರ್ಷದ ಸುಮಾರಿಗೆ. 1980ರಲ್ಲಿ ಡಯಾನ್ ರೂಬಲ್ ಮತ್ತು ಸಂಗಡಿಗರು ಮಾಡಿದ ಪ್ರಯೋಗಗಳಲ್ಲಿ, ಬೇರೆ ಮಕ್ಕಳು ಎಷ್ಟು ಮಾಡಿದರು ಎಂದು ಹೇಳಿದರೂ ಅದಕ್ಕಿಂತ ಚಿಕ್ಕ ಮಕ್ಕಳು ಆ ಮಾಹಿತಿಯಿಂದ ತಮ್ಮ ಬಗ್ಗೆ ತೀರ್ಪು ಮಾಡಿಕೊಳ್ಳಲಿಲ್ಲ. ಆದ್ದರಿಂದ ಐದರಿಂದ ಎಂಟರವರೆಗಿನ ಈ ಮೂರು ವರ್ಷಗಳು ನನಗೆ ಬಹಳ ಮುಖ್ಯವಾಗಿ ಕಾಣುತ್ತವೆ. ಮಗು ಓದಲು ಕಲಿಯುವುದೂ ಈ ವರ್ಷಗಳಲ್ಲೇ, ತಾನು ಎಂಥವನು ಎಂದು ಬರೆದುಕೊಳ್ಳುವುದೂ ಈ ವರ್ಷಗಳಲ್ಲೇ. ಎರಡೂ ಒಂದೇ ಬೆಂಚಿನ ಮೇಲೆ ನಡೆಯುತ್ತವೆ.

ಇಷ್ಟು ಚಿಕ್ಕ ಮಕ್ಕಳಿಗೆ ತಮ್ಮ ಬಗ್ಗೆ ಅನಿಸುವುದನ್ನು ತಿಳಿಯುವುದಾದರೂ ಹೇಗೆ? ‘ನಿನ್ನ ಬಗ್ಗೆ ನಿನಗೇನನಿಸುತ್ತೆ?’ ಎಂದರೆ ಅವು ಚಪ್ಪಲಿ ನೋಡುತ್ತಾ ನಿಲ್ಲುತ್ತವೆ. ಸುಸಾನ್ ಹಾರ್ಟರ್ ಮತ್ತು ರಾಬಿನ್ ಪೈಕ್ ಇದಕ್ಕೊಂದು ಉಪಾಯ ಮಾಡಿ 1984ರಲ್ಲಿ ಪ್ರಕಟಿಸಿದರು. ಮಗುವಿನ ಮುಂದೆ ಎರಡು ಚಿತ್ರಗಳು. ಒಂದರಲ್ಲಿ ಒಗಟುಚಿತ್ರದ ತುಂಡುಗಳನ್ನು ಸಲೀಸಾಗಿ ಜೋಡಿಸುವ ಮಗು, ಇನ್ನೊಂದರಲ್ಲಿ ಜೋಡಿಸಲು ಕಷ್ಟಪಡುವ ಮಗು. ‘ನೀನು ಯಾರ ಹಾಗೆ?’ ಮಗು ಒಂದನ್ನು ಮುಟ್ಟುತ್ತದೆ. ಅದರ ಕೆಳಗೆ ಒಂದು ದೊಡ್ಡ ವೃತ್ತ, ಒಂದು ಚಿಕ್ಕ ವೃತ್ತ. ‘ತುಂಬಾ ಹಾಗೇನಾ, ಸ್ವಲ್ಪ ಹಾಗೇನಾ?’ ಮಾತು ಬಾರದ ಕಡೆ ಬೆರಳು ಮಾತಾಡುತ್ತದೆ. ಕಲಿಕೆಯಲ್ಲಿ ನಾನು ಹೇಗೆ, ಓಡುವುದು ಹತ್ತುವುದರಲ್ಲಿ ಹೇಗೆ, ಜೊತೆಯ ಮಕ್ಕಳಿಗೆ ನಾನು ಬೇಕೇ, ಅಮ್ಮನಿಗೆ ನಾನು ಬೇಕೇ ಎಂಬ ನಾಲ್ಕು ಬಾಗಿಲುಗಳಿಂದ ಈ ಪರೀಕ್ಷೆ ಒಳಗೆ ಇಣುಕುತ್ತದೆ. ‘ಒಟ್ಟಾರೆ ನಾನು ಹೇಗೆ’ ಎಂಬ ಐದನೆಯ ಬಾಗಿಲನ್ನು ಅವರು ಬೇಕೆಂದೇ ಬಿಟ್ಟರು. ಎಂಟು ವರ್ಷಕ್ಕಿಂತ ಮುಂಚೆ ಮಗು ತನ್ನನ್ನು ಹಾಗೆ ಒಂದೇ ಗಂಟಾಗಿ ಕಟ್ಟಿ ಹೇಳಲಾರದು ಎಂಬುದು ಹಾರ್ಟರ್ ಅವರ ಅಭಿಪ್ರಾಯ.

ಈ ವಿಷಯದಲ್ಲಿ ದೊಡ್ಡವರು ಒಂದು ದೊಡ್ಡ ತಪ್ಪು ದಾರಿ ಹಿಡಿದದ್ದುಂಟು. 1964ರಲ್ಲಿ ವಿಲಿಯಂ ವಾಟೆನ್‌ಬರ್ಗ್ ಮತ್ತು ಕ್ಲೇರ್ ಕ್ಲಿಫರ್ಡ್ ಒಂದು ಅಧ್ಯಯನ ಪ್ರಕಟಿಸಿದರು. ಇನ್ನೂ ಓದಲು ಕಲಿಯದ ಶಿಶುವಿಹಾರದ ಮಕ್ಕಳು ತಮ್ಮ ಮನೆಯವರ ಚಿತ್ರ ಬಿಡಿಸುತ್ತಾ ಆಡುವ ಮಾತುಗಳನ್ನು ದಾಖಲಿಸಿ, ಅವುಗಳಿಂದ ಆ ಮಕ್ಕಳಿಗೆ ತಮ್ಮ ಬಗ್ಗೆ ಇರುವ ಭಾವನೆಯನ್ನು ಅಳೆದರು. ಎರಡೂವರೆ ವರ್ಷದ ನಂತರ ಅವೇ ಮಕ್ಕಳ ಓದನ್ನು ನೋಡಿದರು. ಬುದ್ಧಿಮತ್ತೆಯ ಪರೀಕ್ಷೆಗಿಂತ ಆ ಹಳೆಯ ಭಾವನೆಯೇ ಓದಿನ ಪ್ರಗತಿಯನ್ನು ಹೆಚ್ಚು ಸರಿಯಾಗಿ ಸೂಚಿಸಿತ್ತು. ಇದು ಅನೇಕರ ಕಣ್ಣು ತೆರೆಸಿತು. ಆದರೆ ಇಂಥ ಫಲಿತಾಂಶಗಳನ್ನು ಕೇಳಿದವರು ಒಂದು ಹೆಜ್ಜೆ ಮುಂದೆ ಜಿಗಿದರು. ಮಕ್ಕಳಿಗೆ ತಮ್ಮ ಬಗ್ಗೆ ಚೆನ್ನಾಗಿ ಅನಿಸುವಂತೆ ಮಾಡಿಬಿಟ್ಟರೆ ಸಾಕು, ಕಲಿಕೆ ತಾನಾಗಿ ಬರುತ್ತದೆ ಎಂದುಕೊಂಡರು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1986ರಲ್ಲಿ ಆತ್ಮಗೌರವ ಬೆಳೆಸಲೆಂದೇ ಒಂದು ಸರ್ಕಾರಿ ಕಾರ್ಯಪಡೆ ಮಾಡಿತು, 1990ರಲ್ಲಿ ಅದರ ವರದಿ ಬಂತು. ತರಗತಿಗಳಲ್ಲಿ ‘ನಾನು ವಿಶೇಷ’ ಎಂಬ ಹಾಡುಗಳು, ಸ್ಟಿಕರ್‌ಗಳು, ಎಲ್ಲರಿಗೂ ನಕ್ಷತ್ರಗಳು ಬಂದವು. 2003ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಮೂವರು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ನೋಡಿದಾಗ, ಒಟ್ಟಾರೆ ಆತ್ಮಗೌರವವನ್ನು ಏರಿಸಿದ್ದರಿಂದ ಓದು ಸುಧಾರಿಸಿದ್ದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಬಹಳಷ್ಟು ಕಡೆ ಚೆನ್ನಾಗಿ ಕಲಿತದ್ದರ ಫಲವಾಗಿ ಆತ್ಮಗೌರವ ಬಂದಿತ್ತು. ಜನ ಅದನ್ನು ತಿರುಗುಮುರುಗಾಗಿ ಓದಿಕೊಂಡಿದ್ದರು.

ಹಾಗಾದರೆ ವಾಟೆನ್‌ಬರ್ಗ್ ಮತ್ತು ಕ್ಲಿಫರ್ಡ್ ಕಂಡದ್ದು ಸುಳ್ಳೇ? ಅಲ್ಲ. ನನಗೆ ಈ ಗಂಟನ್ನು ಸಡಿಲಿಸಿಕೊಟ್ಟದ್ದು ನ್ಯೂಜಿಲೆಂಡಿನ ಜೇಮ್ಸ್ ಚಾಪ್‌ಮನ್ ಮತ್ತು ವಿಲಿಯಂ ಟನ್ಮರ್ ಅವರ ಕೆಲಸ. ಶಾಲೆಗೆ ಸೇರಿದ ದಿನದಿಂದಲೇ ಅವರು ಐದು ವರ್ಷದ ಮಕ್ಕಳ ಬೆನ್ನು ಹತ್ತಿದರು. ಎರಡೂವರೆ ವರ್ಷವಾದ ಮೇಲೆ, ಕಲಿಕೆಯ ವಿಷಯದಲ್ಲಿ ತಮ್ಮ ಬಗ್ಗೆ ಕೀಳರಿಮೆ ಬೆಳೆಸಿಕೊಂಡ ಮಕ್ಕಳು ಯಾರು ಎಂದು ಗುರುತಿಸಿ, ಅವರ ಮೊದಲ ದಿನಗಳ ದಾಖಲೆಗಳನ್ನು ತಿರುವಿ ನೋಡಿದರು. ಅಲ್ಲಿ ಸಿಕ್ಕಿದ್ದು ತೀರಾ ಚಿಕ್ಕ ಸಂಗತಿ. ಶಾಲೆಗೆ ಬಂದ ಹೊಸದರಲ್ಲಿ ಆ ಮಕ್ಕಳಿಗೆ ಅಕ್ಷರಗಳ ಪರಿಚಯ ಕಡಿಮೆ ಇತ್ತು, ಮಾತಿನೊಳಗಿನ ದನಿಗಳನ್ನು ಬಿಡಿಸಿ ಕೇಳಿಸಿಕೊಳ್ಳುವುದು ಕಷ್ಟವಾಗುತ್ತಿತ್ತು. ‘ಗಾಳಿ’ ಎಂಬ ಪದ ಯಾವ ದನಿಯಿಂದ ಶುರುವಾಗುತ್ತದೆ ಎಂದರೆ ತಡಬಡಾಯಿಸುವ ಮಕ್ಕಳು ಅವು. ಅಷ್ಟೇ. ಮೊದಲ ವಾರಗಳಲ್ಲಿ ಕೂತು ತುಂಬಿಕೊಡಬಹುದಾಗಿದ್ದ ಒಂದು ಸಣ್ಣ ಕೊರತೆ ಎರಡೂವರೆ ವರ್ಷದಲ್ಲಿ ‘ನಾನು ಇಂಥವನು’ ಎಂಬುದಾಗಿ ಬೆಳೆದು ನಿಂತಿತ್ತು.

ಅಂದರೆ ಮೊದಮೊದಲು ಗಾಡಿ ಒಂದೇ ದಿಕ್ಕಿಗೆ ಓಡುತ್ತದೆ, ಕಲಿಕೆಯಿಂದ ಮಗು ತನ್ನ ಬಗ್ಗೆ ಮನಸ್ಸಿನಲ್ಲಿ ಬರೆದುಕೊಳ್ಳುವ ಚಿತ್ರದ ಕಡೆಗೆ. ಚಿತ್ರ ಒಮ್ಮೆ ಮೂಡಿತೋ, ಅದು ತಿರುಗಿ ಕಲಿಕೆಯನ್ನು ಎಳೆಯತೊಡಗುತ್ತದೆ. ಹಳೆಯ ಅಂಕಗಳ ಲೆಕ್ಕವನ್ನು ಕಳೆದ ಮೇಲೂ, ತನ್ನ ಬಗೆಗಿನ ನಂಬಿಕೆ ಮುಂದಿನ ಕಲಿಕೆಯ ಮೇಲೆ ಒಂದಿಷ್ಟು ಪರಿಣಾಮ ಬೀರುತ್ತದೆ ಎಂದು 2004ರಲ್ಲಿ ಜೆಫ್ರಿ ವ್ಯಾಲೆಂಟೈನ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದರು. ಆ ಪರಿಣಾಮ ಸಣ್ಣದು. ಆದರೆ ‘ನಾನು ಒಳ್ಳೆಯವನು’ ಎಂಬ ಒಟ್ಟು ಭಾವನೆಗಿಂತ ‘ನನಗೆ ಲೆಕ್ಕ ಬರುತ್ತದೆ’, ‘ನನಗೆ ಓದು ಬರುತ್ತದೆ’ ಎಂಬ ನಿರ್ದಿಷ್ಟ ನಂಬಿಕೆಗೆ ಅಲ್ಲಿ ಹೆಚ್ಚು ಬಲವಿತ್ತು. ಸಣ್ಣ ಪರಿಣಾಮವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪ್ರತಿ ವರ್ಷ ಸ್ವಲ್ಪ ಸ್ವಲ್ಪವೇ ಕೂಡಿಕೊಂಡು ಹೋಗುವ ಲೆಕ್ಕ ಅದು.

ಕೂಡಿಕೊಳ್ಳುವುದು ಹೇಗೆ ಎಂಬುದನ್ನು ತರಗತಿಯೊಳಗೆ ಕಣ್ಣಾರೆ ನೋಡಬಹುದು. ‘ನಂಗೆ ಬರಲ್ಲ’ ಎಂದುಕೊಂಡ ಮಗು ಓದುವ ಹೊತ್ತಿಗೆ ಸರಿಯಾಗಿ ಪೆನ್ಸಿಲ್ ಚೂಪು ಮಾಡಲು ಏಳುತ್ತದೆ. ನೀರು ಕುಡಿಯಲು ಹೋಗುತ್ತದೆ. ಎಲ್ಲರೂ ಒಟ್ಟಿಗೆ ಓದುವಾಗ ಬಾಯಿ ಮಾತ್ರ ಆಡಿಸುತ್ತದೆ. ಕಂಠಪಾಠ ಮಾಡಿದ ಸಾಲನ್ನು ಪುಟದ ಮೇಲೆ ಬೆರಳಿಟ್ಟು ಒಪ್ಪಿಸುತ್ತದೆ, ಬೆರಳು ಎಲ್ಲೋ ಮಾತು ಎಲ್ಲೋ. ಚೇಷ್ಟೆ ಮಾಡಿ ಬೈಸಿಕೊಳ್ಳುವುದು ಕೂಡ ಅದಕ್ಕೆ ಲಾಭವೇ. ಬೈಗುಳ ಚೇಷ್ಟೆಗೆ ಸಿಕ್ಕಿತು, ಓದಲು ಬಾರದಿರುವುದಕ್ಕಲ್ಲ. ಹೀಗೆ ಪಕ್ಕದ ಮಗು ದಿನಕ್ಕೆ ಇಪ್ಪತ್ತು ಸಾಲು ಓದಿದರೆ ಈ ಮಗು ನಾಲ್ಕು ಸಾಲು ಓದುತ್ತದೆ. ವರ್ಷ ಕಳೆಯುವ ಹೊತ್ತಿಗೆ ‘ನಂಗೆ ಬರಲ್ಲ’ ಎಂಬ ಮಾತು ನಿಜವೇ ಆಗಿಬಿಟ್ಟಿರುತ್ತದೆ.

ಕಾನ್ನಿ ಜ್ಯೂಯೆಲ್ 54 ಮಕ್ಕಳನ್ನು ಒಂದನೇ ತರಗತಿಯಿಂದ ನಾಲ್ಕರವರೆಗೆ ಹಿಂಬಾಲಿಸಿ 1988ರಲ್ಲಿ ಬರೆದರು. ಒಂದನೇ ತರಗತಿಯ ಕೊನೆಗೆ ಓದಿನಲ್ಲಿ ಹಿಂದೆ ಬಿದ್ದ ಮಗು ನಾಲ್ಕನೇ ತರಗತಿಯ ಕೊನೆಗೂ ಹಿಂದೆಯೇ ಇರುವ ಸಂಭವ 0.88, ಅಂದರೆ ನೂರಕ್ಕೆ 88. ಈ ಅಂಕಿಯನ್ನು ಹೇಳಿದಾಗಲೆಲ್ಲ ಯಾರಾದರೊಬ್ಬರು ‘ಬೆಳೆಯ ಸಿರಿ ಮೊಳಕೆಯಲ್ಲಿ’ ಎನ್ನುತ್ತಾರೆ. ದಯವಿಟ್ಟು ಆ ಗಾದೆಯನ್ನು ಇಲ್ಲಿ ತರಬೇಡಿ. ಮೊಳಕೆ ಸೊರಗಿದ್ದು ಕಂಡರೆ ರೈತ ನೀರು ನೋಡುತ್ತಾನೆ, ಮಣ್ಣು ಕೆದಕುತ್ತಾನೆ. ನೂರಕ್ಕೆ 88 ಎಂಬುದು ಆ ಮಕ್ಕಳ ಹಣೆಬರಹವಲ್ಲ. ಅದು ನಾಲ್ಕು ವರ್ಷ ಯಾರೂ ನೀರು ನೋಡದಿದ್ದರೆ ಏನಾಗುತ್ತದೆ ಎಂಬುದರ ಲೆಕ್ಕ.

ಇಲ್ಲೊಂದು ಅನ್ಯಾಯವನ್ನೂ ಹೇಳಲೇಬೇಕು. ಒಂದೇ ತರಗತಿಯಲ್ಲಿ ಕೂತ ಮಕ್ಕಳ ನಡುವೆ ಹನ್ನೊಂದು ತಿಂಗಳ ಅಂತರ ಇರಬಹುದು. ನಮಗೆ ಹನ್ನೊಂದು ತಿಂಗಳು ಏನೂ ಅಲ್ಲ, ಐದು ವರ್ಷದ ಮಗುವಿಗೆ ಅದು ಬದುಕಿದ ಆಯುಷ್ಯದ ಹೆಚ್ಚುಕಡಿಮೆ ಐದರಲ್ಲೊಂದು ಭಾಗ. ತರಗತಿಯ ಅತಿ ಚಿಕ್ಕ ಮಕ್ಕಳು ದೊಡ್ಡ ಮಕ್ಕಳಿಗಿಂತ ಕಡಿಮೆ ಅಂಕ ಪಡೆಯುವುದನ್ನೂ ಆ ಅಂತರ ನಾಲ್ಕನೇ, ಎಂಟನೇ ತರಗತಿಯವರೆಗೂ ಪೂರ್ತಿ ಮುಚ್ಚದಿರುವುದನ್ನೂ ಕೆಲ್ಲಿ ಬೆಡಾರ್ಡ್ ಮತ್ತು ಎಲಿಜಬೆತ್ ಡ್ಯೂಯಿ 2006ರಲ್ಲಿ ಅನೇಕ ದೇಶಗಳ ಅಂಕಿಅಂಶ ಇಟ್ಟುಕೊಂಡು ತೋರಿಸಿದರು. ತಾನು ಚಿಕ್ಕವನು ಎಂಬುದು ಮಗುವಿಗೆ ತಿಳಿಯುವುದಿಲ್ಲ. ತಾನು ಹಿಂದಿದ್ದೇನೆ ಎಂಬುದು ಮಾತ್ರ ತಿಳಿಯುತ್ತದೆ. ತರಗತಿಯ ಹಾಜರಿ ಪುಸ್ತಕದಲ್ಲಿ ಹೆಸರಿನ ಪಕ್ಕ ಹುಟ್ಟಿದ ತಿಂಗಳನ್ನು ಬರೆದುಕೊಳ್ಳಿ ಎಂದು ಹೊಸ ಟೀಚರ್‌ಗಳಿಗೆ ನಾನು ಹೇಳುವುದು ಇದಕ್ಕೇ.

ತಾನು ಎಂಥವನು ಎಂಬುದಕ್ಕೆ ಮಗು ಸಾಕ್ಷ್ಯಗಳನ್ನೆಲ್ಲ ಎಲ್ಲಿಂದ ಹೆಕ್ಕುತ್ತದೆ? ಸ್ವಲ್ಪ ಅದರ ಕೆಲಸದಿಂದ, ಉಳಿದದ್ದು ನಮ್ಮಿಂದ. ನಾವು ಬಾಯಿಬಿಟ್ಟು ಹೇಳುವ ಮಾತಿಗಿಂತ ಹೇಳದೇ ಮಾಡುವುದರಿಂದ. 1970ರಲ್ಲಿ ಜೆರಿ ಬ್ರೋಫಿ ಮತ್ತು ಥಾಮಸ್ ಗುಡ್ ಒಂದನೇ ತರಗತಿಯ ನಾಲ್ಕು ಕೋಣೆಗಳಲ್ಲಿ ಕೂತು ಗಮನಿಸಿದರು. ಜಾಣ ಎಂದು ಟೀಚರ್ ನಂಬಿದ ಮಗು ತಪ್ಪು ಹೇಳಿದರೆ ಟೀಚರ್ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದರು, ಬಿಡಿಸಿ ಕೇಳುತ್ತಿದ್ದರು, ಸುಳಿವು ಕೊಡುತ್ತಿದ್ದರು. ಹಿಂದಿದೆ ಎಂದು ನಂಬಿದ ಮಗು ತಪ್ಪಿದರೆ ಉತ್ತರವನ್ನು ತಾವೇ ಹೇಳಿ ಮುಂದೆ ಹೋಗುತ್ತಿದ್ದರು. ಆ ಟೀಚರ್‌ಗಳಿಗೆ ಕೆಟ್ಟ ಮನಸ್ಸಿತ್ತು ಎಂದಲ್ಲ, ಬಹುಶಃ ಮಗುವಿಗೆ ಮುಜುಗರವಾಗಬಾರದೆಂಬ ಕರುಣೆಯೇ ಇತ್ತು. ಮಗುವಿಗೆ ಕೇಳಿಸಿದ್ದು ಮಾತ್ರ ‘ನಿನ್ನಿಂದ ಬರುವುದಿಲ್ಲ ಬಿಡು’ ಎಂದು.

ಮೇರಿ ಬಡ್ ರೋ ಇನ್ನೂ ಸೂಕ್ಷ್ಮವಾದದ್ದನ್ನು ಅಳೆದರು, ಪ್ರಶ್ನೆ ಕೇಳಿದ ಮೇಲಿನ ಮೌನವನ್ನು. ಟೀಚರ್‌ಗಳು ಉತ್ತರಕ್ಕಾಗಿ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡಿನಷ್ಟು. ಅದರಲ್ಲೂ ಕಲಿಕೆಯಲ್ಲಿ ಮುಂದಿರುವ ಮಕ್ಕಳಿಗೆ ಸಿಗುತ್ತಿದ್ದ ಸಮಯ ಹಿಂದಿರುವ ಮಕ್ಕಳಿಗೆ ಸಿಗುತ್ತಿದ್ದುದರ ಸುಮಾರು ಎರಡರಷ್ಟು. ಯಾರಿಗೆ ಹೆಚ್ಚು ಹೊತ್ತು ಬೇಕೋ ಅವರಿಗೇ ಕಡಿಮೆ. ಆ ಮೌನವನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ಗಳು ಕಡಿಮೆಯಾದವು, ಬಾಯಿಯೇ ಬಿಡದವರು ಎಂದು ಹೆಸರಾದ ಮಕ್ಕಳು ಮಾತಾಡಿದರು. ನೀವೂ ಒಮ್ಮೆ ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಮೂರರವರೆಗೆ ಎಣಿಸಿ ನೋಡಿ. ನಾಲಿಗೆ ತುರಿಸುತ್ತದೆ. ಆ ಮೂರು ಎಣಿಕೆಯಷ್ಟು ಹೊತ್ತು ಮಗುವಿಗೆ ನೀವು ಹೇಳುತ್ತಿರುವುದು, ‘ನಿನ್ನ ಹತ್ತಿರ ಉತ್ತರ ಇದೆ ಅಂತ ನನಗೆ ಗೊತ್ತು’ ಎಂದು.

ಹೊಗಳಿಕೆಯ ವಿಷಯಕ್ಕೆ ಬರುತ್ತೇನೆ. ‘ಜಾಣ’, ‘ಜಾಣಮರಿ’ ಎಂಬ ಮಾತು ನಮ್ಮ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತದೋ. ಪ್ರೀತಿಯಿಂದಲೇ ಬರುತ್ತದೆ. ಮೆಲಿಸ್ಸಾ ಕಾಮಿನ್ಸ್ ಮತ್ತು ಕರೋಲ್ ಡ್ವೆಕ್ 1999ರಲ್ಲಿ ಐದಾರು ವರ್ಷದ ಮಕ್ಕಳ ಜೊತೆ ಬೊಂಬೆಯಾಟ ಆಡಿದರು. ಕೆಲವು ಮಕ್ಕಳಿಗೆ ಆಟದ ಟೀಚರ್ ‘ನೀನು ಇದರಲ್ಲಿ ತುಂಬಾ ಜಾಣ’ ಎನ್ನುವರು, ಕೆಲವರಿಗೆ ‘ಒಳ್ಳೆಯ ಉಪಾಯ ಕಂಡುಹಿಡಿದೆ, ಬೇರೆ ಯಾವುದಾದರೂ ಉಪಾಯ ಇದೆಯಾ?’ ಎನ್ನುವರು. ಎಲ್ಲ ಸರಿಹೋಗುವವರೆಗೆ ಎರಡೂ ಗುಂಪು ಖುಷಿಯಾಗಿದ್ದವು. ಆಮೇಲೆ ಬೊಂಬೆ ತಪ್ಪು ಮಾಡುವ ಕತೆ ಬಂತು. ಜಾಣರೆನಿಸಿಕೊಂಡಿದ್ದ ಮಕ್ಕಳು ಹೆಚ್ಚು ಕುಗ್ಗಿದರು, ತಮ್ಮನ್ನು ಕೆಳಗೆ ಇಳಿಸಿಕೊಂಡರು, ಮತ್ತೆ ಪ್ರಯತ್ನಿಸುವ ಉತ್ಸಾಹ ಕಳೆದುಕೊಂಡರು. ಲೆಕ್ಕ ಸರಳ. ಮಾಡಿದ್ದಕ್ಕೆ ‘ಜಾಣ’ ಆದರೆ ಮಾಡಲಾಗದ್ದಕ್ಕೆ ‘ದಡ್ಡ’. ಎರಡನೆಯ ಪದವನ್ನು ನಾವು ಹೇಳಬೇಕಾಗಿಲ್ಲ, ಮಗುವೇ ಹೇಳಿಕೊಳ್ಳುತ್ತದೆ.

2007ರಲ್ಲಿ ಆಂಡ್ರೇ ಸಿಂಪಿಯನ್ ಮತ್ತು ಜೊತೆಗಾರರು ನಾಲ್ಕು ವರ್ಷದ ಮಕ್ಕಳಲ್ಲೂ ಇದನ್ನೇ ಕಂಡರು. ಅಲ್ಲಿ ವ್ಯತ್ಯಾಸ ಇದ್ದದ್ದು ಒಂದೇ ಎಳೆಯಷ್ಟು. ‘ನೀನು ಒಳ್ಳೆಯ ಚಿತ್ರಗಾರ’ ಎನ್ನುವುದು ಒಂದು, ‘ಈ ಚಿತ್ರ ಚೆನ್ನಾಗಿ ಬಿಡಿಸಿದ್ದೀಯ’ ಎನ್ನುವುದು ಇನ್ನೊಂದು. ಮೊದಲನೆಯದನ್ನು ಕೇಳಿದ ಮಕ್ಕಳು ಒಂದು ತಪ್ಪಿಗೇ ಹೆಚ್ಚು ಬೇಗ ಸೋತರು.

ಇಲ್ಲಿ ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರು ಬಹಳ ಮಂದಿ ಇದ್ದೀರಿ, ಆದ್ದರಿಂದ ಇನ್ನೊಂದು ಮಾತು. ‘ತುಂಬಾ ತುಂಬಾ ಬುದ್ಧಿವಂತರು’ ಯಾರು ಎಂದು ಕೇಳಿದಾಗ ಐದು ವರ್ಷದ ಹುಡುಗಿಯರು ಹುಡುಗರಷ್ಟೇ ಸಲೀಸಾಗಿ ತಮ್ಮವರನ್ನು ತೋರಿಸುತ್ತಾರೆ. ಆರೇಳು ವರ್ಷಕ್ಕೆ ಅದು ಕುಸಿಯುತ್ತದೆ ಎಂದು ಲಿನ್ ಬಿಯಾನ್ ಮತ್ತು ಸಂಗಡಿಗರು 2017ರಲ್ಲಿ ವರದಿ ಮಾಡಿದರು. ಆ ವಯಸ್ಸಿನಲ್ಲೂ ಶಾಲೆಯಲ್ಲಿ ಹೆಚ್ಚು ಅಂಕ ಪಡೆಯುವವರು ಹುಡುಗಿಯರೇ ಎಂದು ಅವೇ ಹುಡುಗಿಯರು ಹೇಳುತ್ತಾರೆ! ಅಂಕ ನಮ್ಮದು, ಬುದ್ಧಿ ಅವರದು. ಒಂದು ವರ್ಷದ ಅಂತರದಲ್ಲಿ ಈ ಮಾತು ಎಲ್ಲಿಂದ ಬಂದು ಅವರ ತಲೆಯಲ್ಲಿ ಕೂತಿತು? ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮತ್ತೆ ನನ್ನ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ‘ಬರಲ್ಲ’ ಎಂದವಳಿಗೆ ನಾನು ‘ಇಲ್ಲ ಪುಟ್ಟಿ, ನಿಂಗೆ ಬರುತ್ತೆ’ ಎಂದು ವಾದಿಸುತ್ತಿದ್ದೆ. ಅವಳು ನಂಬಲಿಲ್ಲ, ಯಾಕೆ ನಂಬಬೇಕು? ಸಾಕ್ಷ್ಯವೆಲ್ಲ ಅವಳ ಕಡೆಗೇ ಇತ್ತು. ಹಿರಿಯ ಸಹೋದ್ಯೋಗಿಯೊಬ್ಬರು ಎರಡು ಬದಲಾವಣೆ ಹೇಳಿಕೊಟ್ಟರು. ಒಂದು, ಪುಸ್ತಕವನ್ನು ಎರಡು ಮೆಟ್ಟಿಲು ಇಳಿಸಿ, ಅವಳು ಹತ್ತು ಪದದಲ್ಲಿ ಒಂಬತ್ತನ್ನು ತಾನೇ ಓದಬಲ್ಲ ಪುಸ್ತಕ ಕೊಡಿ. ಇನ್ನೊಂದು, ನೀವು ಅವಳ ಎದುರು ಕೂರಬೇಡಿ, ಪಕ್ಕದಲ್ಲಿ ಸ್ವಲ್ಪ ಹಿಂದಕ್ಕೆ ಕೂರಿ. ನಿಮ್ಮ ಮುಖ ಅವಳಿಗೆ ಸಿಗಬಾರದು.

ಮೊದಲ ದಿನ ಅವಳು ಒಂದೇ ಪುಟದಲ್ಲಿ ನಾಲ್ಕು ಸಲ ಕತ್ತು ತಿರುಗಿಸಿದಳು. ನಾನು ಪುಸ್ತಕವನ್ನೇ ನೋಡುತ್ತಿದ್ದೆ. ದಿನಾ ಹತ್ತು ನಿಮಿಷ ಹೀಗೆ ಕೂತೆವು. ಅದರಲ್ಲಿ ಮೂರು ನಿಮಿಷ ಬರೀ ದನಿಗಳ ಆಟ, ಪದಗಳನ್ನು ಚಪ್ಪಾಳೆ ತಟ್ಟಿ ಒಡೆಯುವುದು, ದೀರ್ಘವನ್ನು ಎಳೆದು ಹೇಳುವುದು. ಅವಳು ಎಡವುತ್ತಿದ್ದದ್ದು ದೀರ್ಘದಲ್ಲಿ ಎಂದು ಗೊತ್ತಾದದ್ದೇ ಆಗ. ಇಡೀ ಒಂದು ವರ್ಷ ನಾನು ಅದನ್ನು ನೋಡಿರಲಿಲ್ಲ, ‘ಗಮನ ಇಲ್ಲ’ ಎಂದು ಬರೆದಿಟ್ಟಿದ್ದೆ. ಎರಡನೇ ವಾರದ ಕೊನೆಗೆ ಒಂದು ಸಾಲಿನಲ್ಲಿ ‘ಹುವು’ ಎಂದು ಓದಿ, ಮುಂದೆ ಹೋದವಳು ನಿಂತಳು. ಕತ್ತು ತಿರುಗಿಸಲಿಲ್ಲ. ಬೆರಳು ಹಿಂದಕ್ಕೆ ಬಂತು. ‘ಹೂ… ಹೂವು’ ಎಂದು ತನಗೆ ತಾನೇ ಹೇಳಿಕೊಂಡು ಮುಂದಿನ ಪದಕ್ಕೆ ಹೋದಳು. ನಾನು ‘ಜಾಣೆ’ ಎನ್ನಲಿಲ್ಲ. ಸಾಲು ಮುಗಿದ ಮೇಲೆ, ‘ಹುವು ಅಂತ ಓದಿದ್ದೆ, ನೀನೇ ಹಿಂದೆ ಬಂದು ಸರಿ ಮಾಡಿಕೊಂಡೆ’ ಎಂದೆ. ‘ಹೂಂ, ಇದು ಉದ್ದ ಇದೆ’ ಎಂದಳು, ಅಕ್ಷರ ತೋರಿಸುತ್ತಾ.

ಇನ್ನು ಪ್ರಶ್ನೆಗಳು.

ಒಬ್ಬ ತಂದೆ ಕೇಳಿದರು: ‘ನನ್ನ ಮಗನಿಗೆ ಐದೂವರೆ. ಎಲ್ಲಾ ಬರುತ್ತೆ ಅಂತಾನೆ. ಕೂರಿಸಿ ಕೇಳಿದರೆ ಏನೂ ಬರಲ್ಲ. ಈ ಭ್ರಮೆಯನ್ನು ಈಗಲೇ ತಿದ್ದಬೇಡವೇ ಮೇಡಂ?’

ಬೇಡ ಸರ್. ಅದು ಭ್ರಮೆಯಲ್ಲ, ಅವನ ದಾರಿಖರ್ಚು. ಅವನ ಅಂದಾಜನ್ನು ತಿದ್ದುವ ಕೆಲಸವನ್ನು ಮುಂದಿನ ಮೂರು ವರ್ಷ ಜಗತ್ತೇ ಮಾಡುತ್ತದೆ, ನೀವು ಸೇರಿಕೊಳ್ಳಬೇಕಾಗಿಲ್ಲ. ‘ಬರುತ್ತೆ’ ಎಂದರೆ ‘ತೋರಿಸು ನೋಡೋಣ’ ಎನ್ನಿ. ಎಲ್ಲಿ ನಿಲ್ಲುತ್ತಾನೋ ಅಲ್ಲಿಂದ ಹೇಳಿಕೊಡಿ. ಇನ್ನೊಂದು, ಪಕ್ಕದ ಮನೆಯ ಮಗುವಿನ ಹೆಸರನ್ನು ಆ ಹೊತ್ತಿನಲ್ಲಿ ಎತ್ತಬೇಡಿ. ಆ ತಕ್ಕಡಿ ಅವನಿಗೆ ತಾನಾಗಿ ಸಿಗುತ್ತದೆ, ಬೇಗ ಸಿಗುವುದು ಬೇಡ.

ಹಿಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಎದ್ದು, ‘ಮೊಮ್ಮಗನಿಗೆ ಎಂಟು ತುಂಬಿತು. ನಾನು ದಡ್ಡ, ಅಜ್ಜಿ ಅಂತಾನೆ. ಹಾಗನ್ನಬೇಡ ಕಂದ, ನೀನು ಚಿನ್ನ ಅಂತೀನಿ. ಅವನು ಕೇಳಲ್ಲ. ಏನು ಮಾಡಲಿ?’ ಎಂದರು.

ಅಜ್ಜಿ, ಚಿನ್ನ ಅನ್ನುವುದನ್ನು ಬಿಡಬೇಡಿ. ಅದು ನೀವು ಕೊಡುವ ಪ್ರೀತಿ, ಅವನ ಓದಿನ ಮೇಲೆ ಕೊಡುವ ತೀರ್ಪಲ್ಲ, ಮಗುವಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ‘ದಡ್ಡ’ ಎಂದಾಗ ‘ಅಲ್ಲ’ ಎನ್ನುವುದರ ಬದಲು ‘ಯಾವುದು ಬರಲಿಲ್ಲ ಇವತ್ತು?’ ಎಂದು ಕೇಳಿ. ಮೊದಲು ‘ಎಲ್ಲಾ’ ಎನ್ನುತ್ತಾನೆ. ‘ಎಲ್ಲಾ ಬೇಡ, ಒಂದು ತೋರಿಸು’ ಎನ್ನಿ. ಒಂದು ಲೆಕ್ಕವನ್ನೋ ಒಂದು ಒತ್ತಕ್ಷರವನ್ನೋ ತೋರಿಸುತ್ತಾನೆ. ನಿಮಗೆ ಅದನ್ನು ಹೇಳಿಕೊಡಲು ಬರದಿದ್ದರೂ ಚಿಂತೆಯಿಲ್ಲ. ಅದನ್ನು ಒಂದು ಚೀಟಿಯಲ್ಲಿ ಅವನ ಕೈಯಲ್ಲೇ ಬರೆಸಿ, ನಾಳೆ ಟೀಚರ್‌ಗೆ ಕಳುಹಿಸಿ, ‘ಇದೊಂದು ಬಂದಿಲ್ಲ’ ಎಂದು. ಒಂದು ತಿಂಗಳು ಹಾಗೆ ಮಾಡಿ, ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿಡಿ. ಆಮೇಲೆ ಒಂದು ಭಾನುವಾರ ಡಬ್ಬಿ ಸುರಿದು, ಯಾವುದು ಬಂತು ಯಾವುದು ಇನ್ನೂ ಇಲ್ಲ ಎಂದು ಅವನೇ ಎರಡು ರಾಶಿ ಮಾಡಲಿ. ನೀವು ಪಕ್ಕದಲ್ಲಿ ಕೂತಿರಿ, ರಾಶಿ ಮಾಡುವ ಕೆಲಸ ಮಾತ್ರ ಅವನದೇ ಆಗಿರಲಿ.